ವಸ್ತಿ ಗಾಡಿ

ಐವತ್ತೊಂದಕ್ಕೆ ಲೈಸೆನ್ಸು ಮಾಡಿಸಿದವಳು
ಕದ್ರಾ ದಾಟಿ ಮೊದಲ ತಿರುವಿಗೆ ಹಾರ್ನ್ ಹೊಡೆದಾಗ
ಎಡಗಡೆ ಸೀಟಿನಲ್ಲಿ ಕೂತ ನನ್ನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತಿತು.
ಶೇವಂತಿ ನೋಡಿದಳು, ನಗಲಿಲ್ಲ.
'ಕಾಲು ಮಡಚಿ ಕೂತ್ಕೊಳ್ಳಿ' ಅಂದಳು.

ಇಪ್ಪತ್ತಾರು ವರ್ಷ ಈ ಅಣಶಿ ಘಟ್ಟವನ್ನು
ಸೆಕೆಂಡ್ ಗೇರಿನಲ್ಲಿ ಹತ್ತಿದವನು ನಾನು.
ಬಾಣಂತಿಯರನ್ನು, ಅಕ್ಕಿಮೂಟೆಗಳನ್ನು,
ಪರೀಕ್ಷೆಗೆ ತಡವಾದ ಹುಡುಗರನ್ನು,
ಒಮ್ಮೆ ಗೋಣಿಚೀಲದೊಳಗೆ ಉಸಿರಾಡುತ್ತಿದ್ದ ಏನನ್ನೋ
(ಹುಂಜ ಅಂದ ಅವನು; ದಾರಿಯುದ್ದಕ್ಕೂ ಅದು ಕೂಗಲಿಲ್ಲ).
ಎಲ್ಲರೂ ಹತ್ತಿದ ಆ ಬಸ್ಸನ್ನು
ಇವಳೊಬ್ಬಳು ಹತ್ತಿರಲಿಲ್ಲ.

ಹಳೇ ಓಮ್ನಿ. ಬೈತಕೋಲದ ಭಾವನಿಂದ ಎರವಲು ತಂದ ನೀಲಿ ಟೆಂಟು,
ಸ್ಟವ್ವು, ಮೂರು ಪದರ ಪೇಪರಿನಲ್ಲಿ ಒಣ ಬಂಗಡೆ.
ಆದರೂ ಗಾಡಿಯೊಳಗೆಲ್ಲ ಅದರದೇ ರಾಜ್ಯಭಾರ.
'ಕಾಡು ನೋಡ್ಬೇಕು' ಅಂದಿದ್ದವಳು
ಕರಿಚಿರತೆಯ ಚಿತ್ರವಿದ್ದ ಬೋರ್ಡಿನ ಬಳಿ ನಿಲ್ಲಿಸಲಿಲ್ಲ,
ಕೆಳಗೆ ಕಾಳಿ ಫಳಕ್ಕನೆ ಹೊಳೆದಲ್ಲೂ ನಿಲ್ಲಿಸಲಿಲ್ಲ.
ಸೀದಾ ಕುಂಬಾರವಾಡ.
'ನಿಮ್ಮ ವಸ್ತಿ ಬಸ್ಸು ರಾತ್ರಿ ಎಲ್ಲಿ ನಿಲ್ತಿತ್ತು?'

ಬಾಬ್ಲೋ ವೇಳಿಪನ ಚಾದಂಗಡಿಯ ಪಕ್ಕ.
'ಖೇಮು ಡ್ರೈವರ್!' ಅಂತ ಓಡಿ ಬಂದ ಅವನು
ಅವಳನ್ನು ಕಂಡು ಲುಂಗಿ ಇಳಿಸಿದ.
ಹಲಸಿನ ಮರದಡಿ ಇನ್ನೂ ಆ ಕಪ್ಪು ಕಲೆ.
ನಾನು ನಿವೃತ್ತನಾಗಿ ಎರಡು ಮಳೆಗಾಲ, ರೂಟೂ ರದ್ದಾಗಿದೆ,
ಬಸ್ಸಿನೆಣ್ಣೆ ಕುಡಿದ ನೆಲಕ್ಕೆ ಹುಲ್ಲು ಹತ್ತಿಲ್ಲ.
'ಇಲ್ಲೇ ಹಾಕುವ' ಅಂದಳು.
ಕಲೆಯ ನಾಲ್ಕು ಮೂಲೆಗೆ ಗೂಟ ಹೊಡೆದೆವು.

ಬಾಬ್ಲೋ ಕೆಂಡದಲ್ಲಿ ಮುಡ್ಲಿ ಗೆಡ್ಡೆ ಸುಟ್ಟು ಕೊಟ್ಟ.
ಬಂಗಡೆಯ ಜೊತೆ ಅದು ಎಂಥ ಜೋಡಿ!
ಅವಳು ಕೊಂಕಣಿಯಲ್ಲಿ, ಹಗುರವಾಗಿ, ಬೆರಳು ನೆಕ್ಕುತ್ತ ಕೇಳಿದಳು:
ಇವರ ಊಟ ಎಲ್ಲಾಗ್ತಿತ್ತು, ಯಾರು ಬಡಿಸ್ತಿದ್ದರು,
ಜ್ವರ ಬಂದ ರಾತ್ರಿ ಯಾರ ಮನೆ ಕಂಬಳಿ.
ಅವನು ಹೇಳುತ್ತಲೇ ಹೋದ. ನಾನು ಕೆಂಡ ಕೆದಕಿದೆ.

ಆಗ ಹೊಳೆಯಿತು ನನಗೆ, ನಿಧಾನ,
ಚಳಿಗಾಲದ ಬೆಳಿಗ್ಗೆ ಇಂಜಿನ್ನು ಬಿಸಿಯಾದ ಹಾಗೆ.
'ಘಟ್ಟದ ಮೇಲೆ ಖೇಮೂದು ಇನ್ನೊಂದು ಒಲೆಯಿದೆಯಂತೆ' ಎಂದು
ಕೋಡಿಬಾಗದ ನಲ್ಲಿಕಟ್ಟೆಯಲ್ಲಿ ಯಾರೋ ಆಡಿದ ಮಾತು
ಅವಳೊಳಗೆ ಎಷ್ಟು ವರ್ಷ ವಸ್ತಿ ಮಾಡಿತ್ತು!
ಕೇಳಿದ್ದರೆ ಹೇಳುತ್ತಿದ್ದೆ.
ಕೇಳಿದ್ದರೆ ಸಿಟ್ಟಾಗುತ್ತಿದ್ದೆ, ಅದೂ ನಿಜ.

ರಾತ್ರಿ ಎಲ್ಲೋ ಕಡವೆ ಕೂಗಿತು.
'ಇದು ದಿನಾ ಕೂಗ್ತಿತ್ತಾ?'
'ಕೆಲವು ದಿನ.'
'ಹೆದರಿಕೆ?'
'ಕಂಡಕ್ಟರನ ಗೊರಕೆ ಇತ್ತಲ್ಲ.'
'ಚಳಿ?'
'ಟವೆಲ್ಲು ಹೊದೀತಿದ್ದೆ. ಹಿಂದಿನ ಸೀಟು ಉದ್ದ, ಆದರೆ ನನ್ನಷ್ಟು ಅಲ್ಲ.'
ಬಹಳ ಹೊತ್ತಿನ ಮೇಲೆ
ಅವಳ ಶಾಲಿನ ಅರ್ಧ ನನ್ನ ಕಡೆ ಸರಿಯಿತು.

ಮರುದಿನ ರಾಮನಗರ ಕಳೆದು ಅನಮೋಡದ ಗೇಟಿನಲ್ಲಿ
ಪೊಲೀಸು ಹಿಂದಿನ ಬಾಗಿಲು ತೆಗೆಸಿ, ಮೂಗು ಮುಚ್ಚಿ,
'ಮತ್ತೇನಿದೆ ಒಳಗೆ?' ಅಂದ.
'ಎಲ್ಲಾ ನೋಡಿಯಾಯ್ತು, ಏನೂ ಇಲ್ಲ.'
ಅವಳು ಅವನ ಕಡೆ ನೋಡಿ ಹೇಳಿದ್ದಲ್ಲ.

ನಿಜವಾಗಿ ಕಾಡು ನೋಡಿದ್ದು ಅವಳು ಗಡಿಯಾಚೆಗೆ.
ಮೊಲೆಮ್ಮಿನಲ್ಲಿ ಗಾಡಿ ನಿಲ್ಲಿಸಿ ನಿಲ್ಲಿಸಿ
ಮರಕ್ಕೆ ಕತ್ತೆತ್ತಿ, ಕೋತಿಗೆ ಬೈದು,
ಐಸ್‌ಕ್ರೀಂ ಕೊಂಡು, ಅದು ಮೊಣಕೈಗೆ ಇಳಿಯುವ ತನಕ ಮರೆತು.
ಕಾಣಕೋಣದಲ್ಲಿ ಮತ್ತೆ ಸಮುದ್ರ. ನಮ್ಮದೇ, ಆದರೆ ಆ ಕಡೆಯಿಂದ.

ಸಂಜೆ ಪೋಳೆಯ ಹತ್ತಿರ ಪೆಟ್ರೋಲ್ ಬಂಕು.
ಮನೆಗಿನ್ನು ಹದಿನೈದು ಕಿಲೋಮೀಟರು, ಒಂದು ಲೀಟರು ಧಾರಾಳ.
'ಫುಲ್ ಮಾಡಿ' ಅಂದಳು.
ಅಂಕಿಗಳು ಓಡುತ್ತಿದ್ದವು.
ನಾನು ಕಾಲು ಮಡಚಿ ಕೂತೆ.