ಕಹಿನೀರು

ಮೊದಲ ಮದ್ದಿಗೆ ದಾರಿ ಗೊತ್ತಿರಲಿಲ್ಲ.
ಗಂಟಲ ಏಡಿಗಂತಿಗೆಂದು ಹೊರಟದ್ದು
ಕೇರಿಯ ಎಲ್ಲ ಬಾಗಿಲೂ ಬಡಿದು ಬಂತು:
ತಲೆಗೂದಲು, ಉಗುರಿನ ಬುಡ,
ಕೊನೆಗೆ ನಾಲಿಗೆ.

ನಾಲಿಗೆ ಹೋದರೆ ನನ್ನ ಬಳಿ ಉಳಿಯುವುದೇನು?
ಸಾಣಿಕಟ್ಟೆಯ ಆಗರದಲ್ಲಿ ಮೂವತ್ತೊಂದು ಬೇಸಿಗೆ
ಪಾತಿಗೆ ಬೆರಳದ್ದಿ, ನೆಕ್ಕಿ,
ಇದು ನಾಳೆಗೆ, ಇದಕ್ಕಿನ್ನೂ ಮೂರು ಬಿಸಿಲು ಬೇಕು
ಎಂದು ಹೇಳುತ್ತಿದ್ದವಳು ನಾನು, ಬೀರಮ್ಮ ಆಗೇರ.
ಮೀಟರು ಹಿಡಿದು ಬಂದ ಮೇಸ್ತ್ರಿಯೂ
ನನ್ನ ಮುಖ ನೋಡಿಯೇ ಬರೆದುಕೊಳ್ಳುತ್ತಿದ್ದ.
ಈಗ ಬಂಗಡೆ ಸಾರೂ ಒಂದೇ, ಒಲೆಬೂದಿಯೂ ಒಂದೇ.

ನಮ್ಮ ಜಿಲ್ಲೆಯ ದೊಡ್ಡ ಕಾಯಿಲೆಗಳೆಲ್ಲ
ಬಸ್ಸು ಹತ್ತಿಯೇ ಹೋಗಬೇಕು.
ಕುಮಟೆಯಲ್ಲಿ ನಸುಕಿಗೆ ಹತ್ತಿ, ಭಟ್ಕಳ ದಾಟುವಾಗ ವಾಂತಿ,
ಮತ್ತೆ ತೆಂಕಲ ಆ ದೊಡ್ಡಾಸ್ಪತ್ರೆ.
ಅಲ್ಲಿ ಸಿಕ್ಕವಳು ಕೋಡಿಬಾಗದ ಹುಡುಗಿ, ತಳೇಕರ ಡಾಕ್ಟರು.
ನಾನು ಉಪ್ಪಿನವಳು ಅಂದದ್ದೇ
ಕುರ್ಚಿ ಎಳೆದು ಹತ್ತಿರ ಕೂತಳು.

"ಹೊಸ ಮದ್ದು, ಇನ್ನೂ ಪರೀಕ್ಷೆಯಲ್ಲಿದೆ. ಕಣ್ಣಿಗೆ ಕಾಣದ ಕಣ.
ಯಾರೂ ಕೂತು ಹೆಣೆಯುವುದಿಲ್ಲ ಇದನ್ನು.
ನೀರಿಗೆ ಹೆದರುವ ತುದಿ ಒಳಗೆ, ನೀರು ಬೇಕೆನ್ನುವ ತುದಿ ಹೊರಗೆ,
ತಾವೇ ಸರಿದು ತಾವೇ ಕೂಡಿ ಉಂಡೆಯಾಗುತ್ತವೆ.
ನಡುವೆ ಮದ್ದು."

ಉಪ್ಪಿಗೆ ಚೌಕ ಕಲಿಸಿದವರು ಯಾರು ಮಗಾ, ಅಂದೆ.
ನಾವು ಕಟ್ಟೆ ಮೆತ್ತುತ್ತೇವೆ, ನೀರು ತಿರುಗಿಸುತ್ತೇವೆ, ಕಾಯುತ್ತೇವೆ.
ಮಧ್ಯಾಹ್ನ ನೋಡಿದರೆ ನೀರ ಮೇಲೆ ಕೆನೆ,
ಕೆನೆಯೊಳಗೆ ಸಾಸಿವೆಯಷ್ಟು
ಮೂಲೆಗಳು.

"ಗಡ್ಡೆಯ ಸುತ್ತ ಸ್ವಲ್ಪ ಹುಳಿ.
ಆ ಹುಳಿ ತಾಗಿದರಷ್ಟೇ ಬಿಚ್ಚುತ್ತವೆ,
ಉಳಿದೆಡೆ ಬಾಯಿ ಮುಚ್ಚಿಕೊಂಡು ದಾಟುತ್ತವೆ."

ಅದನ್ನೂ ನೋಡಿದ್ದೇನೆ.
ಗಜನಿಯ ಜಂತ್ರಡಿಗೆ ಹಮ್ಮಣ್ಣ ಕಾವಲು ಅನ್ನುತ್ತಾರೆ,
ಹಮ್ಮಣ್ಣ ಮಲಗಿರುತ್ತಾನೆ.
ಉಬ್ಬರ ಒತ್ತಿದರೆ ಹಲಗೆ ತಾನೇ ಮುಚ್ಚುತ್ತದೆ,
ಇಳಿತ ಎಳೆದರೆ ತಾನೇ ತೆರೆಯುತ್ತದೆ.
ಆದರೆ ಏಡಿ?
ಒಂದೇ ತೂತು ಕೊರೆದು ಬೆಳಗಾಗುವುದರೊಳಗೆ
ಇಡೀ ಕಟ್ಟೆ ಕೆಡವಿದ ಏಡಿಯಿದೆ ನಮ್ಮಲ್ಲಿ.

ಹುಡುಗಿ ನಗಲಿಲ್ಲ.
"ಸೋರಬಹುದು. ದಾರಿಯಲ್ಲೇ ಬಿಚ್ಚಿಕೊಳ್ಳಲೂಬಹುದು.
ಅದಕ್ಕೇ ಪರೀಕ್ಷೆ" ಅಂದಳು.
ಆ ಮಾತಿಗೆ ಸಹಿ ಹಾಕಿದೆ, ಕಾಗದಕ್ಕಲ್ಲ.

ನಾಲ್ಕು ಸುತ್ತು ಹನಿ ಇಳಿಯಿತು.
ಕಿವಿಗೊಟ್ಟು ಮಲಗಿದ್ದೆ. ಒಳಗೆ
ಯಾವ ಹಲಗೆಯೂ ಕಿರುಗುಟ್ಟಲಿಲ್ಲ.
ಗಡ್ಡೆ ಕುಗ್ಗಿದೆಯೋ, ಬರೇ ನಿಂತಿದೆಯೋ,
ಸ್ಕ್ಯಾನು ಬರುವ ಸೋಮವಾರ.

ಇವತ್ತು ಆಗರಕ್ಕೆ ಹೋಗಿದ್ದೆ, ಕೆಲಸಕ್ಕಲ್ಲ.
ಹೋದ ತಿಂಗಳ ಅಡ್ಡಮಳೆಗೆ ಕರಗಿದ್ದನ್ನೆಲ್ಲ
ಮೊದಲಿಂದ ಕಟ್ಟಿ, ಈಗ ಕೊನೆಯ ಎಳೆತ.
ಮೂಲೆಯ ಪಾತಿಗೆ ಬೆರಳದ್ದಿದೆ. ಹಳೇ ಚಟ.
ನಾಲಿಗೆಯ ಹಿಂದೆ, ಎಡಗಡೆಗೆ,
ಗುಂಡುಪಿನ್ನಿನ ಮೊನೆಯಷ್ಟು ಜಾಗದಲ್ಲಿ

ಕಹಿ.

ಉಪ್ಪಲ್ಲ. ಉಪ್ಪು ಹರಳಾಗಿ ಹೋದ ಮೇಲೆ
ಹಿಂದುಳಿಯುವ ನೀರಿನ ಕಹಿ.
ಮತ್ತೊಮ್ಮೆ ಅದ್ದಿದೆ.
"ಏ ಗಣಪೀ, ಈ ಪಾತಿ ನೀರು ಬಿಡೇ, ಕೆಟ್ಟಿದೆ!"
ಅವಳು ಹಲುಬೆ ಊರಿ
ನನ್ನ ಬಾಯನ್ನೇ ನೋಡುತ್ತ ನಿಂತಳು.
ಬಿಡೇ ಅಂದೆ, ಕಹಿ ಬಂದಿದೆ.