ಒಂದೂಮುಕ್ಕಾಲು

ಸೋಮವಾರ ಚಳ್ಳಕೆರೆ ಬಸ್ಸು. ತೊಡೆಯ ಮೇಲೆ ಮರದ ಪೆಟ್ಟಿಗೆ,
ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು,
ದೊಡ್ಡದರಿಂದ ಸಣ್ಣದಕ್ಕೆ,
ಒಂದೇ ಮನೆಯ ಮಕ್ಕಳು ಫೋಟೋಕ್ಕೆ ನಿಂತ ಹಾಗೆ.
"ಹಾರ್ಮೋನಿಯಮ್ಮಾ ಮೇಡಂ?" ಕಂಡಕ್ಟರು ಕೇಳಿದ.
ಅಲ್ಲಪ್ಪ, ಇದು ಹಾಡುವುದಿಲ್ಲ.
ತಕ್ಕಡಿಯ ಎದುರು ಸುಮ್ಮನೆ ಕೂರುತ್ತದೆ, ಅಷ್ಟೆ.

ಎಣ್ಣೆ ಅಂಗಡಿ ಓಬಳೇಶ ನಾನು ಬರುವ ಮೊದಲೇ
ತಟ್ಟೆ ಒರೆಸಿ ಊದಿನಕಡ್ಡಿ ಹಚ್ಚಿಟ್ಟಿದ್ದ.
ನನ್ನ ಎರಡು ಕಿಲೋ ಬಟ್ಟಿಗೆ ಅವನ ಯಂತ್ರ
ಎರಡು ಕಿಲೋ ನಲವತ್ತು ಗ್ರಾಂ ತೋರಿಸಿತು.
"ನೊಣ ಕುಂತಿರಬೇಕು ಮೇಡಮ್ನೋರೆ."
ನಲವತ್ತು ಗ್ರಾಮಿನ ನೊಣ!
ಅವನು ನಕ್ಕ, ನಾನೂ ನಕ್ಕೆ,
ಆಮೇಲೆ ದಂಡದ ರಸೀದಿ ಬರೆದೆ.

ಹಿರಿಯೂರಿನ ಲಾಡ್ಜಿನಲ್ಲಿ ಕರೆಂಟು ಹೋಯಿತು.
ಮೊಬೈಲ್ ಬೆಳಕಿನಲ್ಲಿ ಶಾಸನಗಳ ಸಂಪುಟ,
ಲೈಬ್ರರಿಯ ಗಡುವು ಮೀರಿ ಎರಡು ತಿಂಗಳು.
ದುರ್ಗದವರಿಗೆಲ್ಲ ಕೋಟೆಯ ಕತೆ ಬೇಕು,
ಯಾರು ಹತ್ತಿದರು, ಯಾರು ಉರುಳಿದರು.
ನನಗೆ ಬೇಕಾದದ್ದು ಕಲ್ಲಿನ ಕೊನೆಯ ಸಾಲುಗಳು:
ಗದ್ದೆ ಮತ್ತರೆರಡು, ಬೆದ್ದಲೆ ಕಮ್ಮವೈವತ್ತು,
ನಂದಾದೀವಿಗೆಗೆ ಗಾಣಕ್ಕೊಂದು ಸೊಲ್ಲಗೆ ಎಣ್ಣೆ.
ಊರಿಗೊಂದು ಕೋಲು, ಕೋಲಿಗೊಂದು ಉದ್ದ.
ಮತ್ತರೆಂದರೆ ಎಷ್ಟು? ಅಡಿಟಿಪ್ಪಣಿ
ಮೂರು ಉತ್ತರ ಕೊಟ್ಟು ನಾಲ್ಕನೆಯದಕ್ಕೆ
ಪ್ರಶ್ನಾರ್ಥಕ ಹಾಕಿ ಕೈತೊಳೆದುಕೊಂಡಿದೆ.
ಮೇಲೆ ಸೂರ್ಯ ಚಂದ್ರ, ಕೆಳಗೆ ಶಾಪ:
ಇದನಳಿದವನು ಕವಿಲೆಯ ಕೊಂದ ಪಾಪಕ್ಕೆ ಹೋಹನು.
ನಮ್ಮಲ್ಲಿ ಅಷ್ಟಿಲ್ಲ. ನೋಟೀಸು, ಮೇಲ್ಮನವಿ.

ಬುಧವಾರ, ಹೊಳಲ್ಕೆರೆಯ ರೇಷನ್ ಅಂಗಡಿ,
ಅಕ್ಕಿಯ ಕ್ಯೂ ನಡುವೆ ಫೋನು. ಹಾಲೇಶ.
ಮೂರು ವರ್ಷದಿಂದ ಮಾತಾಡದ ತಮ್ಮ.
ಅಪ್ಪನ ಸೈಟು ಪಾಲಾದ ದಿನ
ಟೇಪು ಹಿಡಿದವಳು ನಾನೇ,
ಎರಡಡಿ ಅವನ ಕಡೆ ಕಡಿಮೆ ಬಂತು.
ಅಳತೆ ಸರಿಯಾಗಿತ್ತು. ಅದೇ ತಪ್ಪಾಗಿತ್ತು.
"ಅಕ್ಕಾ, ಗಂಗಾಂಬಿಕೆಗೆ ಎಂಟಕ್ಕೇ ಹೆರಿಗೆ ಆತು. ಹೆಣ್ಣು.
ಒಂದೂಮುಕ್ಕಾಲು ಕಿಲೋ."
ನನ್ನ ಬಾಯಿಂದ ಬಂದ ಮೊದಲ ಮಾತು
ಹೇಳಿಕೊಳ್ಳಲು ಈಗಲೂ ನಾಚಿಕೆ:
"ಯಾವ ತಕ್ಕಡಿ?"
ಆ ಕಡೆ ಒಂದು ಸದ್ದು. ನಕ್ಕನೋ ಅತ್ತನೋ,
ಅಕ್ಕಿ ಸುರಿಯುವ ಗಲಾಟೆಯಲ್ಲಿ ತಿಳಿಯಲಿಲ್ಲ.

ಶುಕ್ರವಾರ ದಾವಣಗೆರೆ, ಆಸ್ಪತ್ರೆ, ಗಾಜಿನ ಆಚೆ
ಅಂಗೈ ಅಗಲದ ಬೆನ್ನು, ಕೆಂಪು, ಸುಕ್ಕು.
ನರ್ಸು ಎತ್ತಿ ತಟ್ಟೆಯ ಮೇಲಿಟ್ಟಳು.
ಅಂಕಿಗಳು ತಡವರಿಸಿ ನಿಂತವು, ಹತ್ತು ಗ್ರಾಂ ಕಡಿಮೆ.
"ಮೊದ್ಲು ಇಳೀತಾವೆ ಮೇಡಂ, ಆಮೇಲೆ ಏರ್ತಾವೆ."
ತಟ್ಟೆಯ ಬದಿಗೆ ಸೀಸದ ಮುದ್ರೆ.
ತಾರೀಕು ಹೋದ ವರ್ಷದ್ದು.
ನನ್ನ ಕೈ ಪೆಟ್ಟಿಗೆಯ ಕೊಂಡಿಗೆ ಹೋಯಿತು,
ಅಲ್ಲೇ ಇತ್ತು ಬಹಳ ಹೊತ್ತು.
ಹಾಲೇಶ ಅದನ್ನು ನೋಡಿದ. ಏನೂ ಅನ್ನಲಿಲ್ಲ.

ಭಾನುವಾರ ನಿಟುವಳ್ಳಿಯ ಮನೆ, ಹಿತ್ತಲು.
ವಾರ ನೀರಿಲ್ಲದೆ ಬಸಳೆ ಸೊರಗಿದೆ,
ಮೆಂತ್ಯ ಹೂಬಿಟ್ಟು ಹಾಳಾಗಿದೆ.
ಖೈರುನ್‌ಬೀ ಮಂಡಕ್ಕಿ ಭಟ್ಟಿಯಿಂದ ಬೂದಿ ತಂದರು,
ಸೆರಗಿನಲ್ಲಿ ಕಟ್ಟಿಕೊಂಡು, ಇನ್ನೂ ಬೆಚ್ಚಗೆ.
"ಬುಡಕ್ಕೆ ಎಷ್ಟು ಹಾಕ್ಲಿ?"
"ಎಷ್ಟು ಅಂದ್ರೆ? ಕೈಗೆ ಬಂದಷ್ಟು."
ಹೀರೆಬಳ್ಳಿ ಮಾತ್ರ ನಾನಿಲ್ಲದ ವಾರ
ಗೋಡೆ ಹತ್ತಿ, ಅದೇ ಎರಡಡಿಯ ಗೋಡೆ,
ತಮ್ಮನ ಅಂಗಳಕ್ಕೆ ಇಳಿದು
ಅಲ್ಲೊಂದು ಕಾಯಿ ಬಿಟ್ಟಿದೆ.
ಅದನ್ನು ಬಿಟ್ಟೆ. ಈ ಕಡೆಯವು ಎರಡು ಕೊಯ್ದೆ,
ಅಭ್ಯಾಸಬಲ, ಅಂಗೈಯಲ್ಲಿ ಆಡಿಸಿ ನೋಡುತ್ತಿದ್ದೆ,
ಫೋನು.
"ಇವತ್ತು ಇಪ್ಪತ್ತು ಗ್ರಾಂ ಏರೈತಿ ಅಕ್ಕಾ."

ಇಪ್ಪತ್ತು ಗ್ರಾಂ.
ಓಬಳೇಶನ ಅರ್ಧ ನೊಣ.
ಬೂದಿಗೈಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.