ಎಂಟರ ತನಕ

ಕಲಬುರಗಿಯ ತರಬೇತಿಯಲ್ಲಿ ಮೂರು ದಿನ ಉಪ್ಪಿಟ್ಟು ತಿಂದು
ಒಂದೇ ಮಾತು ಗಂಟು ಕಟ್ಟಿಕೊಂಡು ಬಂದೆ:
ಪ್ರಶ್ನೆ ಕೇಳಿದ ಮೇಲೆ ಎಂಟರ ತನಕ ಎಣಿಸಬೇಕು,
ಮನಸ್ಸಿನಲ್ಲೇ, ತುಟಿ ಅಲುಗದಂತೆ.

ನಕ್ಕಿದ್ದೆ.
ಇಪ್ಪತ್ತೆರಡು ವರ್ಷ, ಕೇಳಿದ ಉಸಿರಲ್ಲೇ
ಉತ್ತರವನ್ನೂ ಹೇಳಿ ಮುಗಿಸಿದವನು ನಾನು.
ಸಿಲಬಸ್ಸು ಮುಗಿಸುವುದರಲ್ಲಿ ಚಿತ್ತಾಪುರ ತಾಲೂಕಿಗೇ ಹೆಸರು.
ಡಿಸೆಂಬರಿಗೆ ಪಾಠ ಮುಗಿದು ರಿವಿಜನ್ನು.
ಹುಡುಗರು ಪಾಸಾದರು, ಸುಳ್ಳಲ್ಲ,
ನನ್ನ ನೋಟ್ಸನ್ನು ನಾನು ತಪ್ಪಿ ಹಾಕಿದ ಅಲ್ಪವಿರಾಮದ ಸಮೇತ
ನನಗೇ ಒಪ್ಪಿಸಿ.

ಈ ಸಲ ಫೆಬ್ರವರಿ ಬಂದರೂ ಇನ್ನೂ ಶಾಖದ ಪಾಠ.
ಒಂಬತ್ತನೇ ಬ ವಿಭಾಗ. ಪುಸ್ತಕ ಮುಚ್ಚಿಸಿದೆ,
ಎಲ್ಲರಿಗೂ ಚಪ್ಪಲಿ ಬಿಡಿಸಿದೆ.
ಕಾಲು ಪರಸಿಯ ಮೇಲೆ, ಕೈ ಬೆಂಚಿನ ಮೇಲೆ.
"ಒಂದೇ ಖೋಲಿ, ಒಂದೇ ಗಾಳಿ.
ಮತ್ತ ಪರಸಿ ಯಾಕ ತಣ್ಣಗ, ಕಟಗಿ ಯಾಕ ಅಲ್ಲ?"

ಒಂದು. ಫ್ಯಾನಿನ ಕಟಕಟ.
ಎರಡು. ತಾಜುದ್ದೀನ ಕಿಟಕಿಯಾಚೆ ನೋಡಿದ,
ಉತ್ತರ ತೊಗರಿಹೊಲದಲ್ಲಿ ಮೇಯುತ್ತಿದೆಯೋ ಎಂಬಂತೆ.
ಮೂರು. ಅಂಬಾರಾಯನ ಕೈ ಮೇಲಿದೆ, ಅವನ ಬಾಯಲ್ಲಿ ನನ್ನದೇ ನೋಟ್ಸು.
ಕಣ್ಣಲ್ಲೇ ಕೂಡಿಸಿದೆ.
ನಾಲ್ಕಕ್ಕೆ ಗಂಟಲು ತುರಿಸಿತು.
ದೂರದ ಗಣಿಯಲ್ಲಿ ಮದ್ದು ಸಿಡಿದು
ಕಪಾಟಿನ ಗಾಜಿನ ಸಾಮಾನು ಜುಮ್ಮೆಂದವು.
ವರಾಂಡದಲ್ಲಿ ಹಾದ ಹೆಡ್‌ಮೇಡಂ
ಸುಮ್ಮನೆ ನಿಂತ ಮಾಸ್ತರನನ್ನು ಒಂದು ಕ್ಷಣ ನೋಡಿ ಹೋದರು.
ಎಣಿಕೆ ತಪ್ಪಿತು.

ಹಿಂದಿನ ಬೆಂಚಿನಲ್ಲಿ ಜಮುನಾ ರಾಠೋಡಳ ತುಟಿ ಅಲುಗುತ್ತಿತ್ತು.
ಜೂನಿನಿಂದ ಈತನಕ "ಹಾಜರ್ರೀ" ಬಿಟ್ಟು ಬೇರೆ ಮಾತಾಡಿದವಳಲ್ಲ.
ನನ್ನ ಕನ್ನಡ ಅವಳ ಗೋರಬೋಲಿಗೆ ಹೋಗಬೇಕು,
ತಾಂಡಾದಲ್ಲಿ ನಾಲ್ಕು ಮನೆ ಅಡ್ಡಾಡಬೇಕು,
ಮತ್ತೆ ಕನ್ನಡವಾಗಿ ಹೊರಳಿ ಬರಬೇಕು.
ಇಷ್ಟು ವರ್ಷ ನಾನು
ಅರ್ಧ ಹಾದಿಯಲ್ಲೇ ಅದನ್ನು ಅಡ್ಡಗಟ್ಟುತ್ತಿದ್ದೆ.

"ಸರ್, ಪರಸಿ ತಣ್ಣಗಿಲ್ರಿ.
ನಮ್ಮ ಕಾಲು ಬೆಚ್ಚಗವ. ಪರಸಿ ಅದನ್ನ ಲಗೂನ ಕುಡಿತದ.
ಕಟಗಿಗಿ ಅಷ್ಟು ಲಗೂ ಕುಡಿಲಾಕ ಬರಲ್ರಿ."

ಯಾರೋ ಕಿಸಕ್ಕೆಂದರು. ಅವಳು ಕೂಡಲಿಲ್ಲ.

"ನಮ್ಮವ್ವ ಗಣ್ಯಾಗ ಪರಸಿ ಹೊರ್ತಾಳ್ರಿ.
ಮಧ್ಯಾನ್ನ ಅದೇ ಪರಸಿ ಸಿಂಬಿ ದಾಟಿ ತಲಿ ಸುಡ್ತದ.
ಅಂದ್ರ ಕುಡದಿದ್ದು ವಾಪಸ್ ಕೊಡ್ತದೇನ್ರಿ?"

ಉಷ್ಣವಾಹಕತೆ ಎಂಬ ಪದ ನನ್ನ ನಾಲಗೆಯ ತುದಿಯಲ್ಲಿತ್ತು.
ಐದು ಅಂಕಕ್ಕೆ ಸಾಕಾಗುವಷ್ಟು ವಿವರಣೆಯೂ ಇತ್ತು.
ಸುಡುವ ಆ ತಲೆಗೆ ಅದು ಸಾಕೇ ತಿಳಿಯಲಿಲ್ಲ.
ಮೂವತ್ತೆಂಟು ಮಕ್ಕಳು ನನ್ನನ್ನೇ ನೋಡುತ್ತ ಕಾದರು,
ನಾನು ಅವರಿಗೆಂದೂ ಕಾಯದಷ್ಟು ಹೊತ್ತು.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.
ಆಗ ಕಾಲ ಕಡೆ ನೋಡಿಕೊಂಡೆ.
ಎಲ್ಲರ ಚಪ್ಪಲಿ ಬಿಡಿಸಿದ ನಾನು
ಬೂಟು ಹಾಕಿಕೊಂಡೇ ನಿಂತಿದ್ದೆ.

ಲೇಸು ಬಿಚ್ಚಲು ಅಲ್ಲೇ ಪರಸಿಯ ಮೇಲೆ ಕೂತೆ.
ಕಗ್ಗಂಟು ಬಿದ್ದಿತ್ತು.
ಜಮುನಾ ಇನ್ನೂ ನಿಂತೇ ಇದ್ದಳು.